ಯಾರೂ ನಡೆಸದ ಸವಾರಿಯ ಹೊಣೆ

ಪ್ರತಿವರ್ಷ ಜುಲೈ ತಿಂಗಳಲ್ಲಿ, ಹುಣ್ಣಿಮೆಗೆ ಸಮೀಪವಾದ ಒಂದು ಶನಿವಾರದ ಸಂಜೆ, ಲಂಡನ್ ನಗರದ ಹ್ಯಾಕ್ನಿ ಭಾಗದ ಲಂಡನ್ ಫೀಲ್ಡ್ಸ್ ಎಂಬ ಉದ್ಯಾನದ ಬಳಿ ನೂರಾರು ಮಂದಿ, ಕೆಲವು ವರ್ಷಗಳಲ್ಲಿ ಸಾವಿರಕ್ಕೂ ಮಿಕ್ಕ ಮಂದಿ, ಸೈಕಲ್ ಸವಾರರು ಬಂದು ಕೂಡುತ್ತಾರೆ. ಅಲ್ಲಿ ಯಾರೂ ಸೀಟಿ ಊದುವುದಿಲ್ಲ, ಬಾವುಟ ಬೀಸುವುದಿಲ್ಲ, ಹೆಸರು ಬರೆದುಕೊಳ್ಳುವುದಿಲ್ಲ. ಎಂಟು ಒಂಬತ್ತು ಗಂಟೆಯ ಹೊತ್ತಿಗೆ ಸವಾರರು ಗುಂಪುಗುಂಪಾಗಿ ಹೊರಟು, ಎಪ್ಪಿಂಗ್ ಅರಣ್ಯವನ್ನು ಹಾಯ್ದು, ಎಸೆಕ್ಸ್ ಸೀಮೆಯ ಗ್ರೇಟ್ ಡನ್‌ಮೋ, ಫಿಂಚಿಂಗ್‌ಫೀಲ್ಡ್ ಮೊದಲಾದ ಊರುಗಳನ್ನು ಕಳೆದು, ಸಫೋಕ್ ಸೀಮೆಯನ್ನು ಹೊಕ್ಕು, ಇರುಳೆಲ್ಲ ತುಳಿದು, ಸುಮಾರು 180 ಕಿಲೋಮೀಟರುಗಳ ಆಚೆ ಉತ್ತರ ಸಮುದ್ರದ ದಡದಲ್ಲಿರುವ ಡನಿಚ್ ಎಂಬ ಸಣ್ಣ ಹಳ್ಳಿಯನ್ನು ಬೆಳಗಾದ ಮೇಲೆ ಮುಟ್ಟುತ್ತಾರೆ. ‘ಡನಿಚ್ ಡೈನಮೋ’ ಎಂದು ಹೆಸರಾದ ಈ ಸವಾರಿ 1990ರ ದಶಕದ ಆದಿಯಲ್ಲಿ ಕೆಲವೇ ಮಂದಿಯ ಹುರುಪಿನಿಂದ ಮೊದಲಾಯಿತು. ಇದಕ್ಕೆ ಪ್ರವೇಶಶುಲ್ಕವಿಲ್ಲ, ನೋಂದಣಿಯಿಲ್ಲ. ಹಿಂದೆ ಬಿದ್ದವರನ್ನು ಹತ್ತಿಸಿಕೊಳ್ಳುವ ವಾಹನವಿಲ್ಲ. ಗುರಿ ಸೇರಿದವರಿಗೆ ಪದಕವೂ ಇಲ್ಲ. ಇದನ್ನು ಕುರಿತು ಯಾರು ಮಾತೆತ್ತಿದರೂ ಮೊದಲು ಹೇಳುವುದು ‘ಇದನ್ನು ಯಾರೂ ನಡೆಸುವುದಿಲ್ಲ’ ಎಂದು. ಅದರ ಬೆನ್ನಿಗೇ, ಹೆಚ್ಚು ವಿಚಾರವಿಲ್ಲದೆ, ಇನ್ನೊಂದು ಮಾತೂ ಬಂದುಬಿಡುತ್ತದೆ: ‘ಆದ್ದರಿಂದ ಇದಕ್ಕೆ ಯಾರೂ ಹೊಣೆಯಲ್ಲ.’ ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಅದರಿಂದ ಸಿದ್ಧಿಸುವುದಿಲ್ಲ. ನಡುವೆ ನಿಂತಿರುವ ಆ ‘ಆದ್ದರಿಂದ’ವನ್ನು ಪರೀಕ್ಷಿಸುವುದು ಅವಶ್ಯವೆಂದು ನನಗೆ ತೋರುತ್ತದೆ; ಏಕೆಂದರೆ ಈ ತಪ್ಪು ನಿಗಮನ ಸವಾರಿಯ ಶತ್ರುಗಳಲ್ಲಿ ಎಷ್ಟು ಬೇರೂರಿದೆಯೋ ಮಿತ್ರರಲ್ಲಿಯೂ ಅಷ್ಟೇ ಬೇರೂರಿದೆ.

ಶತ್ರುಪಕ್ಷದ ವಾದವನ್ನು ಹಗುರ ಮಾಡದೆ ಹೇಳುವುದು ನ್ಯಾಯ. ನಿದ್ದೆಗೆಟ್ಟ ಸಾವಿರ ಜನ ಬೀದಿದೀಪಗಳಿಲ್ಲದ ಕಿರುದಾರಿಗಳಲ್ಲಿ, ಮೋಟಾರುಗಳೂ ಓಡಾಡುತ್ತಿರುವಾಗ, ಇರುಳೆಲ್ಲ ಸಾಗಿದರೆ ಅಪಾಯಗಳು ಉಂಟೇ ಉಂಟು. ಒಬ್ಬನು ಬಿದ್ದು ಭುಜದ ಮೂಳೆ ಮುರಿದುಕೊಂಡರೆ, ಒಬ್ಬ ವೃದ್ಧೆಯ ನಿದ್ದೆ ಕೆಟ್ಟರೆ, ಒಬ್ಬ ರೈತನ ಬೇಲಿ ಕಿತ್ತುಹೋದರೆ, ನೊಂದವರು ಯಾರ ಬಾಗಿಲನ್ನು ತಟ್ಟಬೇಕು? ಹಾನಿಗೆ ಉತ್ತರ ಹೇಳತಕ್ಕವರು ಇಂಥವರೆಂದು ಮುಂಚಿತವಾಗಿಯೇ ಗೊತ್ತುಮಾಡಿಕೊಂಡಿರುವುದು ನಾಗರಿಕ ಜೀವನದ ಸಣ್ಣ ಸಾಧನೆಯೇನಲ್ಲ. ಕರಾರು, ಪರವಾನಗಿ, ವಿಮೆ ಇವೆಲ್ಲ ಆ ಪ್ರಯೋಜನಕ್ಕಾಗಿಯೇ ಹುಟ್ಟಿಕೊಂಡವು. 2013ರಲ್ಲಿ ಅದೇ ಲಂಡನ್ನಿನಲ್ಲಿ ತೊಡಗಿದ ರೈಡ್‌ಲಂಡನ್ ಉತ್ಸವದಲ್ಲಿ ರಸ್ತೆಗಳನ್ನು ಮುಚ್ಚಿಸಿ, ಶುಲ್ಕ ಪಡೆದು, ಪ್ರತಿಯೊಬ್ಬ ಸವಾರನಿಗೂ ಸಂಖ್ಯೆ ಕೊಟ್ಟು, ದಾರಿಯುದ್ದಕ್ಕೂ ಸ್ವಯಂಸೇವಕರನ್ನು ನಿಲ್ಲಿಸಿ ನಡೆಸಿದ ಕಾರ್ಯವನ್ನು ಕಂಡವರು, ಡನಿಚ್ ಸವಾರಿಯನ್ನೂ ಹಾಗೆಯೇ ಕ್ರಮಕ್ಕೆ ತರಬೇಕು, ಇಲ್ಲವೇ ನಿಲ್ಲಿಸಬೇಕು ಎಂದರೆ ಅದರಲ್ಲಿ ದುರುದ್ದೇಶವನ್ನು ಕಾಣಬೇಕಾಗಿಲ್ಲ. ಇನ್ನು ಮಿತ್ರಪಕ್ಷ. ಅವರಿಗೆ ಒಡೆಯನಿಲ್ಲದಿರುವುದೇ ಈ ಸವಾರಿಯ ಸೌಂದರ್ಯ. ಯಾರ ಅಪ್ಪಣೆಯೂ ಇಲ್ಲದೆ, ಯಾರಿಗೂ ಹಣ ತೆರದೆ, ಒಂದು ಜನಸಮೂಹ ತನ್ನಿಂದ ತಾನೇ ಎದ್ದು ಕಡಲಿನ ಕಡೆಗೆ ನಡೆಯುತ್ತದೆ. ಅಲ್ಲಿ ಯಾರೂ ಯಾರಿಗೂ ಋಣಿಯಲ್ಲ. ಆ ಒಂದು ರಾತ್ರಿಯ ಮಟ್ಟಿಗೆ ಪ್ರತಿಯೊಬ್ಬನೂ ಸ್ವತಂತ್ರ ಎಂದು ಅವರ ಭಾವನೆ. ಒಂದು ಪಕ್ಷ ಹೊಣೆಯಿಲ್ಲದುದನ್ನು ದೋಷವೆಂದಿತು, ಇನ್ನೊಂದು ಗುಣವೆಂದಿತು. ಹೊಣೆ ಇಲ್ಲವೆಂಬ ಮೂಲಪ್ರಮೇಯವನ್ನು ಮಾತ್ರ ಎರಡೂ ಪ್ರಶ್ನೆಯಿಲ್ಲದೆ ಒಪ್ಪಿಕೊಂಡವು.

ಪ್ರಮೇಯವನ್ನು ಒಡೆದು ನೋಡಬೇಕಾದರೆ, ವ್ಯವಸ್ಥಾಪಕನೆಂಬವನು ಮಾಡುವ ಕೆಲಸವಾದರೂ ಏನು ಎಂದು ಕೇಳಬೇಕು. ಅವನು ಒಂದು ಕೆಲಸವನ್ನಲ್ಲ, ಹಲವನ್ನು ಮಾಡುತ್ತಾನೆ. ಒಬ್ಬನ ಕೈಯಲ್ಲೇ ಅವು ಕೂಡಿರುವುದರಿಂದ ನಾವು ಅವನ್ನು ಒಂದೆಂದು ಭ್ರಮಿಸುತ್ತೇವೆ.

(1) ದಿನ, ಸ್ಥಳ, ವೇಳೆಗಳನ್ನು ಗೊತ್ತುಪಡಿಸುವುದು. ಡನಿಚ್ ಸವಾರಿಯಲ್ಲಿ ಈ ಕೆಲಸವನ್ನು ಚಂದ್ರನೂ ರೂಢಿಯೂ ಹಂಚಿಕೊಂಡಿವೆ.

(2) ದಾರಿ ತೋರುವುದು. ಸೌದರ್ಕ್ ಭಾಗದ ಸೈಕಲ್ ಸಂಘದಂಥವರು ತಿರುವು ತಿರುವನ್ನೂ ಬರೆದ ಹಾಳೆಗಳನ್ನು ಸಿದ್ಧಪಡಿಸಿ ಹಂಚಿದ್ದುಂಟು. ಕವಲುದಾರಿಗಳಲ್ಲಿ ಖಾಲಿ ಜಾಮ್ ಶೀಸೆಯೊಳಗೆ ಮೋಂಬತ್ತಿ ಹೊತ್ತಿಸಿ, ಗಾಳಿಗೆ ಆರದಂತೆ ಹುಲ್ಲಿನ ನಡುವೆ ಇಟ್ಟು ಹೋಗುವ ಪದ್ಧತಿಯೂ ಇತ್ತು. ಈಗ ಬಹುಮಂದಿಯ ಹ್ಯಾಂಡಲಿನ ಮೇಲೆ ಜಿಪಿಎಸ್ ಉಪಕರಣವಿರುತ್ತದೆ. ಅದು ಕೈಕೊಟ್ಟಾಗ ಮುಂದಿನವರ ಕೆಂಪು ದೀಪಗಳ ಸಾಲಿದೆ.

(3) ರಸ್ತೆಯನ್ನು ನಿರಪಾಯವಾಗಿಸುವುದು. ಇದು ಇಲ್ಲಿ ಇಲ್ಲ. ರಸ್ತೆ ಎಂದಿನಂತೆ ತೆರೆದೇ ಇರುತ್ತದೆ.

(4) ಸವಾರನ ದೇಹವನ್ನೂ ವಾಹನವನ್ನೂ ನೋಡಿಕೊಳ್ಳುವುದು. ಅವನ ಟ್ಯೂಬು, ಪಂಪು, ನೀರು, ಬುತ್ತಿ ಅವನವೇ.

(5) ಹಾನಿಯಾದಾಗ ಉತ್ತರ ಹೇಳುವುದು. ವಿವಾದವೆಲ್ಲ ನಿಜವಾಗಿ ಇದೊಂದನ್ನು ಕುರಿತದ್ದು.

ಐದನೆಯದನ್ನು ಕುರಿತು ಒಂದು ಭೇದವನ್ನು ಮಾಡದೆ ಮುಂದುವರಿಯಲಾಗದು. ಹಾನಿಯಾದ ಬಳಿಕ ಪರಿಹಾರ ತೆರುವ ಹೊಣೆ ಒಂದು. ಹಾನಿಯಾಗದಂತೆ ಮುಂಚೆಯೇ ಎಚ್ಚರ ವಹಿಸುವ ಹೊಣೆ ಇನ್ನೊಂದು. ವ್ಯವಸ್ಥಾಪಕನನ್ನು ನೇಮಿಸಿದರೆ ಮೊದಲನೆಯದು ದೃಢವಾಗುತ್ತದೆಂಬುದರಲ್ಲಿ ಸಂಶಯವಿಲ್ಲ. ಅವನ ಹಿಂದೆ ವಿಮೆಯಿರುತ್ತದೆ, ಕಚೇರಿಯಿರುತ್ತದೆ. ಆದರೆ ಎರಡನೆಯದು ಅವನ ಕೈಗೆ ಪೂರ್ತಿಯಾಗಿ ಎಂದಾದರೂ ಸಿಕ್ಕೀತೆ? ಇಳಿಜಾರಿನಲ್ಲಿ ಬ್ರೇಕು ಹಿಡಿಯುವ ಬೆರಳು ಸವಾರನದು. ಕಣ್ಣೆಳೆಯತೊಡಗಿದಾಗ ದಾರಿಯ ಬದಿಯಲ್ಲಿ ಇಳಿದು ಅರ್ಧ ಗಂಟೆ ಮಲಗಬೇಕೆಂಬ ತೀರ್ಮಾನ ಸವಾರನದು. ಅದನ್ನು ಯಾವ ಪರವಾನಗಿಯೂ ವರ್ಗಾಯಿಸಲಾರದು. ಇದಕ್ಕೆ ಉತ್ತಮ ನಿದರ್ಶನ ದೂರಸವಾರಿಗಳ ಲೋಕದಲ್ಲೇ ಇದೆ. ಫ್ರಾನ್ಸಿನಲ್ಲಿ ಹುಟ್ಟಿ, ಇಂಗ್ಲೆಂಡಿಗೂ ನಮ್ಮ ಬೆಂಗಳೂರಿಗೂ ಹಬ್ಬಿರುವ ಬ್ರೆವೇ ಸವಾರಿಗಳಲ್ಲಿ ಸಂಘವಿದೆ, ಶುಲ್ಕವಿದೆ, ಠಾಣೆಗಳಲ್ಲಿ ಮುದ್ರೆ ಒತ್ತುವ ಚೀಟಿಯಿದೆ, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಗಳೊಳಗೆ ಮುಗಿಸಬೇಕೆಂಬ ಕಟ್ಟಳೆಯಿದೆ. ಹೀಗೆ ವ್ಯವಸ್ಥೆ ಸಾಂಗವಾಗಿದ್ದರೂ ಅದರ ನಿಯಮಾವಳಿ ಪ್ರತಿಯೊಬ್ಬ ಸವಾರನನ್ನೂ ಖಾಸಗಿ ಪ್ರಯಾಣದಲ್ಲಿರುವ ವ್ಯಕ್ತಿಯೆಂದೇ ಪರಿಗಣಿಸುತ್ತದೆ. ಠಾಣೆಗಳ ನಡುವೆ ಅವನು ತನ್ನನ್ನು ತಾನೇ ನೋಡಿಕೊಳ್ಳತಕ್ಕದ್ದು. ಅಂದರೆ ವ್ಯವಸ್ಥಾಪಕನಿದ್ದೂ ಎಚ್ಚರದ ಹೊಣೆ ಸವಾರನಲ್ಲೇ ಉಳಿಯಬಹುದು. ಹಾಗಿದ್ದ ಮೇಲೆ ವ್ಯವಸ್ಥಾಪಕನಿಲ್ಲದ ಕಡೆ ಅದು ಮಾಯವಾಗುತ್ತದೆನ್ನಲು ಆಧಾರವೇನು?

ಪರಿಹಾರದ ಹೊಣೆಯ ಮಾತಿಗೆ ಬಂದರೂ ಶೂನ್ಯವೇನೂ ಇಲ್ಲ. ಇಂಗ್ಲೆಂಡಿನ ಕಾನೂನು 1888ರಷ್ಟು ಹಿಂದೆಯೇ ಬೈಸಿಕಲ್ಲನ್ನು ಗಾಡಿಯೆಂದು ಘೋಷಿಸಿತು. ಆ ಘೋಷಣೆಯಿಂದ ರಸ್ತೆಯ ಹಕ್ಕು ಹೇಗೆ ಬಂತೋ ರಸ್ತೆಯ ಕರ್ತವ್ಯವೂ ಹಾಗೆಯೇ ಬಂತು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಜೊತೆಗೆ ಕೆಂಪು ಪ್ರತಿಫಲಕ ಇರಲೇಬೇಕು. 1988ರ ರಸ್ತೆ ಸಂಚಾರದ ಕಾಯಿದೆಯಂತೆ ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ಪಂದ್ಯ ಹೂಡುವುದು ಅಪರಾಧ. ಈ ಕೊನೆಯ ಅಂಶ ವಿಶೇಷವಾಗಿ ಗಮನಾರ್ಹ: ಡನಿಚ್ ಸವಾರಿ ಪಂದ್ಯವಲ್ಲದಿರುವವರೆಗೆ ಮಾತ್ರ ಅದಕ್ಕೆ ಅನುಮತಿ ಬೇಡ, ಆದ್ದರಿಂದ ಮೊದಲು ಮುಟ್ಟಿದವನಾರೆಂದು ಯಾರೂ ಕೇಳದಿರುವ ಆ ಸೌಜನ್ಯ ಬರಿಯ ಸೌಜನ್ಯವಲ್ಲ, ಸವಾರಿಯ ನ್ಯಾಯಸಮ್ಮತಿಗೇ ಆಧಾರ. ವೇಗದ ಗೀಳಿನಿಂದ ಇದನ್ನು ಪಂದ್ಯವಾಗಿ ಮಾರ್ಪಡಿಸುವವನು ತನಗೆ ಮಾತ್ರವಲ್ಲ, ಉಳಿದೆಲ್ಲರಿಗೂ ಅಪಚಾರ ಮಾಡುತ್ತಾನೆ.

ಕಾನೂನು ವ್ಯವಸ್ಥಾಪಕನಿಲ್ಲದ ಸಮೂಹವನ್ನು ಗುರುತಿಸಲಾರದೆಂಬ ಮಾತೂ ಪೂರ್ತಿ ನಿಜವಲ್ಲ. 1994ರಿಂದ ಲಂಡನ್ನಿನಲ್ಲಿ ಪ್ರತಿ ತಿಂಗಳ ಕೊನೆಯ ಶುಕ್ರವಾರ ಸಂಜೆ ನಡೆಯುತ್ತಿರುವ ‘ಕ್ರಿಟಿಕಲ್ ಮಾಸ್’ ಸವಾರಿಗೆ ನಾಯಕನೂ ಇಲ್ಲ, ನಿಶ್ಚಿತ ಮಾರ್ಗವೂ ಇಲ್ಲ. ಮುಂದಿರುವವರು ತಿರುಗಿದತ್ತ ಹಿಂದಿರುವವರು ತಿರುಗುತ್ತಾರೆ. ಮೆರವಣಿಗೆಗೆ ಮುಂಚಿತವಾಗಿ ಲಿಖಿತ ಸೂಚನೆ ಕೊಡಬೇಕೆಂಬ 1986ರ ಕಾಯಿದೆ ಇದಕ್ಕೂ ಅನ್ವಯಿಸುತ್ತದೆಯೇ ಎಂಬ ವ್ಯಾಜ್ಯ ಆಗ ದೇಶದ ಅತ್ಯುನ್ನತ ನ್ಯಾಯಸ್ಥಾನವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ, ಇದು ರೂಢಿಯಾಗಿ ನಡೆದುಬಂದಿರುವ ಮೆರವಣಿಗೆಯಾದ್ದರಿಂದ ಸೂಚನೆ ಬೇಡವೆಂದು 2008ರಲ್ಲಿ ತೀರ್ಪಾಯಿತು. ಡನಿಚ್ ಸವಾರಿ ಯಾವ ಬೇಡಿಕೆಯ ಪ್ರದರ್ಶನವೂ ಅಲ್ಲವಾದ್ದರಿಂದ ಆ ತೀರ್ಪು ಇದಕ್ಕೆ ನೇರವಾಗಿ ಸಲ್ಲದು. ಆದರೆ ಅದರೊಳಗಿನ ವಿವೇಕ ಸಲ್ಲುತ್ತದೆ: ಜನ ಮತ್ತೆ ಮತ್ತೆ ಒಂದೇ ರೀತಿ ನಡೆದುಕೊಂಡು ಕಟ್ಟಿಕೊಂಡ ರೂಢಿಯೂ ಒಂದು ಕ್ರಮವೇ. ಶಿವರಾತ್ರಿಗೆ ಮುನ್ನ ಚಾರ್ಮಾಡಿ ಘಟ್ಟವಿಳಿದು ಧರ್ಮಸ್ಥಳಕ್ಕೆ ಕಾಲ್ನಡೆಯಲ್ಲಿ ಹೋಗುವವರನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಅವರಲ್ಲಿ ಅನೇಕರು ಯಾವ ಪಟ್ಟಿಯಲ್ಲೂ ಹೆಸರಿಲ್ಲದವರು, ಆದರೂ ಯಾವಾಗ ಹೊರಡಬೇಕು, ಎಲ್ಲಿ ತಂಗಬೇಕು, ಕಾಲೊಡೆದ ಸಹಯಾತ್ರಿಕನಿಗೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತು.

ಇಲ್ಲಿಯವರೆಗಿನ ವಾದ ಸುಲಭದ್ದು. ಕಠಿಣವಾದ ಆಕ್ಷೇಪ ಇನ್ನು ಮುಂದಿದೆ. ಅದನ್ನು ಆಕ್ಷೇಪಕರು ಸಾಮಾನ್ಯವಾಗಿ ಎತ್ತುವುದಿಲ್ಲವಾದರೂ ಎತ್ತಬೇಕಾಗಿತ್ತು. ಹೊಣೆ ಎಲ್ಲರ ಮೇಲೂ ಇದೆಯೆಂದರೆ, ಎಷ್ಟು ಹೆಚ್ಚು ಜನರೋ ಅಷ್ಟು ಹೆಚ್ಚು ಹೊಣೆಯೆಂದು ಅರ್ಥವೆ? ಅನುಭವ ವಿಪರೀತವಾಗಿದೆ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಾಟಾನೆ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಬೇರೆ ಕೋಣೆಯಲ್ಲಿರುವ ಒಬ್ಬನಿಗೆ ಮೂರ್ಛೆ ಬಂದಂತೆ ಧ್ವನಿಯಂತ್ರದ ಮೂಲಕ ಕೇಳಿಸಿದಾಗ, ಕೇಳುತ್ತಿರುವವನು ತಾನೊಬ್ಬನೇ ಎಂದು ನಂಬಿದ್ದವರಲ್ಲಿ ನೂರಕ್ಕೆ 85 ಮಂದಿ ಆ ಧ್ವನಿ ನಿಲ್ಲುವ ಮೊದಲೇ ಎದ್ದು ತಿಳಿಸಲು ಹೋದರು. ತನ್ನಂತೆ ಇನ್ನೂ ನಾಲ್ವರು ಕೇಳುತ್ತಿದ್ದಾರೆಂದು ನಂಬಿದ್ದವರಲ್ಲಿ ಹಾಗೆ ಮಾಡಿದವರು ನೂರಕ್ಕೆ 31 ಮಾತ್ರ. ಅವರೇನು ಕಟುಕರಲ್ಲ, ಬೇರೆ ಯಾರೋ ಹೋಗಿರುತ್ತಾರೆಂದು ಬಗೆದರು, ಅಷ್ಟೆ. ಇದನ್ನು ಇರುಳಿನ ಸವಾರಿಗೆ ಅನ್ವಯಿಸಿ ನೋಡಬೇಕು. ಒಂಟಿಯಾಗಿ ಹೊರಟವನು ದೀಪದ ಬ್ಯಾಟರಿಯನ್ನು ಹೊರಡುವ ಮುನ್ನ ಎರಡು ಸಲ ನೋಡಿಕೊಳ್ಳುತ್ತಾನೆ. ಸಾವಿರ ಜನರೊಡನೆ ಹೊರಟ ಹೊಸಬನು, ಇಷ್ಟು ಜನ ಹೋಗುತ್ತಿರುವಾಗ ಇದು ಸುಗಮವೇ ಇರಬೇಕು ಎಂದುಕೊಳ್ಳುತ್ತಾನೆ. ಸಮೂಹದ ಗಾತ್ರವೇ ಒಂದು ಭರವಸೆಯಾಗಿ ತೋರುತ್ತದೆ. ಆದರೆ ಆ ಭರವಸೆಯನ್ನು ಕೊಟ್ಟವರು ಯಾರೂ ಇಲ್ಲ.

ಈ ಆಕ್ಷೇಪಕ್ಕೆ ಬಲವಿದೆಯೆಂದು ಒಪ್ಪಿಯೇ ಉತ್ತರ ಹೇಳಬೇಕು. ಮೊದಲಾಗಿ, ವ್ಯವಸ್ಥಾಪಕನನ್ನು ತಂದರೆ ಈ ರೋಗ ವಾಸಿಯಾಗುವುದಿಲ್ಲ, ಒಂದು ದೃಷ್ಟಿಯಿಂದ ಉಲ್ಬಣಿಸುತ್ತದೆ. ಶುಲ್ಕ ತೆತ್ತ ಸವಾರಿಯಲ್ಲಿ ದಾರಿಯ ಬದಿ ತಲೆಬಗ್ಗಿಸಿ ಕುಳಿತವನನ್ನು ಕಂಡವನಿಗೆ ‘ಸಹಾಯಕ ವಾಹನ ಹಿಂದೆ ಬರುತ್ತಿದೆ’ ಎಂದುಕೊಳ್ಳಲು ನಿಜವಾದ ಕಾರಣವಿದೆ. ಬೇರೆಯವರಲ್ಲೆಲ್ಲ ಅತ್ಯಂತ ನಂಬಲರ್ಹನಾದ ‘ಬೇರೆಯವನು’ ಅಲ್ಲಿ ಅಧಿಕೃತವಾಗಿ ನೇಮಕಗೊಂಡಿದ್ದಾನೆ. ಡನಿಚ್ ದಾರಿಯಲ್ಲಿ ಆ ವಾಹನ ಇಲ್ಲವೆಂದು ಎಲ್ಲರಿಗೂ ಗೊತ್ತು. ಗೊತ್ತಿರುವುದರಿಂದಲೇ ಅಲ್ಲಿ ಒಂದು ಆಚಾರ ಬೆಳೆದಿದೆ. ನಡುರಾತ್ರಿ ಕಳೆದು, ಬೇಲಿಯ ಪಕ್ಕದಲ್ಲಿ ಒಬ್ಬನು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು, ತಲೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಟೈರಿನ ಒಳಮೈಗೆ ಬೆರಳಾಡಿಸುತ್ತ ಚುಚ್ಚಿದ ಮುಳ್ಳನ್ನು ಹುಡುಕುತ್ತಿರುತ್ತಾನೆ. ಹಾದುಹೋಗುವವರು ವೇಗ ತಗ್ಗಿಸಿ, ‘ಎಲ್ಲ ಇದೆಯೇ? ಏನಾದರೂ ಬೇಕೆ?’ ಎಂದು ಕೇಳುತ್ತಾರೆ. ಅವನು ಇದೆಯೆಂದು ಹೆಬ್ಬೆರಳೆತ್ತಿದ ಮೇಲೆ ಮುಂದೆ ಹೋಗುತ್ತಾರೆ. ಅದೊಂದು ಚಿಕ್ಕ ಪ್ರಶ್ನೆ. ಆದರೆ ಪ್ರಯೋಗದ ಕೋಣೆಯಲ್ಲಿ ಕಾಣದೆ ಹೋದದ್ದು ಅದೇ: ಬೇರೆ ಯಾರೋ ಕೇಳಿರಬಹುದೆಂಬ ಊಹೆಗೆ ಬೆಲೆ ಕೊಡದೆ ತಾನೂ ಕೇಳುವುದು. ಎರಡನೆಯದಾಗಿ, ಆಚಾರವೆಂಬುದು ತಾನಾಗಿ ಬಾಳುವ ವಸ್ತುವಲ್ಲವೆಂಬುದನ್ನೂ ನಾನು ಮರೆಮಾಚಲಾರೆ. ಹಳಬರು ನೂರು, ಹೊಸಬರು ಇಪ್ಪತ್ತು ಇದ್ದಾಗ ಹೊಸಬರು ಅದನ್ನು ನೋಡಿಯೇ ಕಲಿಯುತ್ತಾರೆ. ಹೊಸಬರೇ ಹೆಚ್ಚಾದಾಗ ನೋಡಿ ಕಲಿಯಲು ಯಾರೂ ಉಳಿಯುವುದಿಲ್ಲ. ಆದಕಾರಣ ಜನಪ್ರಿಯತೆ ಈ ಸವಾರಿಗೆ ನಿಜವಾದ ಅಪಾಯ. ಅನುಭವಿಗಳಾದವರು ಹೊಸಬರ ಜೊತೆಗೆ ನಿಧಾನವಾಗಿ ತುಳಿಯುವುದು ಅದಕ್ಕೆ ಇರುವ ಪರಿಹಾರ. ಪರವಾನಗಿಯ ಕಾಗದ ಆ ಕೆಲಸ ಮಾಡದು.

ಇನ್ನು ದಾರಿಯುದ್ದದ ಗ್ರಾಮವಾಸಿಗಳ ಮಾತು. ಇಲ್ಲಿ ತಪ್ಪುವವರು ಹೆಚ್ಚಾಗಿ ಮಿತ್ರಪಕ್ಷದವರು. ರಸ್ತೆ ಎಲ್ಲರದು, ಯಾವ ಹೊತ್ತಿನಲ್ಲಾದರೂ ಹೋಗಬಹುದು ಎಂಬುದು ಸರಿಯೇ. ಆದರೆ ಹೋಗುವ ಹಕ್ಕಿನೊಳಗೆ ಕೂಗುವ ಹಕ್ಕು, ಬಾಳೆಹಣ್ಣಿನ ಸಿಪ್ಪೆಯನ್ನೂ ತಿಂಡಿಯ ಹೊದಿಕೆಯನ್ನೂ ಬೇರೆಯವರ ಗೇಟಿನ ಮುಂದೆ ಎಸೆಯುವ ಹಕ್ಕು, ಚರ್ಚಿನ ಗೋಡೆಯನ್ನು ಶೌಚಕ್ಕೆ ಮರೆಯಾಗಿ ಬಳಸುವ ಹಕ್ಕು ಅಡಗಿಲ್ಲ. ಇಂಥ ತಪ್ಪು ಮಾಡುವವನು ಸಾಮಾನ್ಯವಾಗಿ ದುಷ್ಟನಲ್ಲ. ಅವನ ಲೆಕ್ಕ ತಪ್ಪಿರುತ್ತದೆ. ಅವನು ಆ ಊರನ್ನು ಎರಡು ನಿಮಿಷಗಳಲ್ಲಿ ದಾಟುತ್ತಾನೆ. ತನ್ನ ಎರಡು ನಿಮಿಷದ ಮಾತಿನಿಂದ ಯಾರಿಗೇನು ಎಂದುಕೊಳ್ಳುತ್ತಾನೆ. ಕಿಟಕಿಯ ಒಳಗೆ ಮಲಗಿರುವವರಿಗಾದರೋ ಹನ್ನೊಂದು ಗಂಟೆಯಿಂದ ಮೂರು ಗಂಟೆಯವರೆಗೆ ಅದೇ ಮಾತು ಸಾವಿರ ಬಾಯಿಗಳಿಂದ ಕೇಳಿಬರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಕ್ಷುಲ್ಲಕವಾದ ನಡತೆಗಳು ಕೂಡಿ ಒಂದು ದೊಡ್ಡ ಹಿಂಸೆಯಾಗುವಾಗ, ಪ್ರತಿಯೊಬ್ಬನೂ ತನ್ನ ಪಾಲನ್ನು ಮಾತ್ರ ತೂಗಿ ನಿರ್ದೋಷಿಯಾಗಲು ಸಾಧ್ಯವಿಲ್ಲ. ಸಮೂಹದ ಸುಖದಲ್ಲಿ ಪಾಲುಗೊಂಡವನು ಸಮೂಹದ ಭಾರದಲ್ಲಿಯೂ ಪಾಲುಗೊಂಡಿದ್ದಾನೆ. ಸಾವಿರ ಮಂದಿಯ ಜೊತೆ ಇರುಳನ್ನು ಕಳೆಯುವ ಆನಂದಕ್ಕಾಗಿ ಬಂದವನು, ಲೆಕ್ಕ ಕೊಡುವಾಗ ಮಾತ್ರ ‘ನಾನು ಒಬ್ಬನೇ’ ಎನ್ನಬಹುದೆ?

ಅದೇ ಮಿತ್ರರು ಹೇಳುವ ‘ತನ್ನಿಂದ ತಾನೇ’ ಎಂಬ ಮಾತನ್ನೂ ಕೊಂಚ ಅಲುಗಿಸಿ ನೋಡಬೇಕು. ದಾರಿಯ ಹಾಳೆಯನ್ನು ಯಾರೋ ಕುಳಿತು ಸಿದ್ಧಪಡಿಸಿದರು. ಯಾವುದೋ ಊರಿನ ಸಭಾಭವನದ ಬೀಗ ತೆಗೆದು ಯಾರೋ ಚಹಾ ಕಾಯಿಸಿದರು. ಡನಿಚ್ ದಂಡೆಯ ಉಪಾಹಾರಗೃಹದಲ್ಲಿ ಯಾರೋ ನಸುಕಿನಲ್ಲೇ ಒಲೆ ಹೊತ್ತಿಸಿದರು. ರಸ್ತೆಗೆ ಡಾಂಬರು ಹಾಕಿಸಿದವರು ಸೀಮೆಯ ತೆರಿಗೆದಾರರು. ಕರೆದರೆ ಬರುವ ಆಂಬ್ಯುಲೆನ್ಸು ದೇಶದ ಸಾರ್ವಜನಿಕ ಆರೋಗ್ಯ ಸೇವೆಯದು. ಒಡೆಯನಿಲ್ಲದಿರುವುದು ನಿಜ, ದುಡಿದವರು ಇಲ್ಲದಿರುವುದು ನಿಜವಲ್ಲ. ಋಣವಿಲ್ಲವೆಂದು ಹಿಗ್ಗುವವನು ಋಣವನ್ನು ಕಂಡಿಲ್ಲ, ಅಷ್ಟೆ.

ಆಕ್ಷೇಪಕರ ಕಡೆಗೆ ಇನ್ನೊಮ್ಮೆ ತಿರುಗಿ ಒಂದು ಮಾತು ಹೇಳಬೇಕಾಗಿದೆ. ಹೊಣೆಯ ಬಾಹ್ಯರೂಪವಿದ್ದ ಕಡೆಯೆಲ್ಲ ಹೊಣೆಯೂ ಇರುತ್ತದೆಂಬ ಅವರ ವಿಶ್ವಾಸಕ್ಕೆ ವಿರುದ್ಧವಾದ ಸಾಕ್ಷ್ಯ, ಸವಾರಿ ಮುಗಿಯುವ ಆ ಊರಿನಲ್ಲಿಯೇ ಇದೆ. ಡನಿಚ್ ಮಧ್ಯಯುಗದಲ್ಲಿ ದೊಡ್ಡ ರೇವುಪಟ್ಟಣ. 1286ರ ಮತ್ತು 1328ರ ಬಿರುಗಾಳಿಗಳು ಅದನ್ನು ಘಾಸಿಗೊಳಿಸಿ ರೇವಿನ ಬಾಯಿಯನ್ನು ಮುಚ್ಚಿದುವು. ಊರು ನಿಂತಿದ್ದ ಕಡಲಂಚಿನ ದಿಬ್ಬ ವರ್ಷವರ್ಷವೂ ಕುಸಿಯುತ್ತ, ಬೀದಿಗಳನ್ನೂ ದೇವಾಲಯಗಳನ್ನೂ ಕಡಲಿಗೆ ಒಪ್ಪಿಸುತ್ತ ಬಂದಿತು. ಆಲ್ ಸೇಂಟ್ಸ್ ಚರ್ಚಿನ ಗೋಪುರದ ಕೊನೆಯ ಭಾಗವೂ 1919ರ ಹೊತ್ತಿಗೆ ಬಿದ್ದುಹೋಯಿತು. ಊರು ಹೀಗೆ ಕರಗಿದ ಬಹುಕಾಲದ ಮೇಲೂ, 1832ರ ಚುನಾವಣಾ ಸುಧಾರಣೆಯವರೆಗೆ, ಅದು ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನು ಕಳುಹಿಸುತ್ತಲೇ ಇತ್ತು. ಸನ್ನದಿತ್ತು, ಪದವಿಯಿತ್ತು, ಕ್ರಮಬದ್ಧವಾದ ಚುನಾವಣೆಯಿತ್ತು. ಯಾರ ಪರವಾಗಿ ಉತ್ತರ ಹೇಳಬೇಕೋ ಆ ಜನ ಮಾತ್ರ ಬೆರಳೆಣಿಕೆಯಷ್ಟು. ಅಲ್ಲಿ ರೂಪವಿತ್ತು, ಸತ್ವವಿರಲಿಲ್ಲ. ಈ ಸವಾರಿಯಲ್ಲಿ ರೂಪವಿಲ್ಲ. ಸತ್ವ ಇದೆಯೋ ಇಲ್ಲವೋ ಎಂಬುದನ್ನು ಸವಾರರ ನಡತೆಯಿಂದಲೇ ಅಳೆಯಬೇಕು. ನೋಂದಣಿಯ ಪುಸ್ತಕ ಇದೆಯೇ ಎಂದು ಕೇಳಿ ಅಲ್ಲಿಗೆ ಪರೀಕ್ಷೆ ಮುಗಿಸುವುದು ಸುಲಭ, ಆದರೆ ಅದು ಪರೀಕ್ಷೆಯಲ್ಲ.

ಕೊನೆಯದಾಗಿ ಹಿಂತಿರುಗುವ ಪ್ರಶ್ನೆ. ಜನ ಇದನ್ನು ಪ್ರಯಾಣದ ಅನುಬಂಧವೆಂದು ಭಾವಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೊಣೆಯ ತತ್ತ್ವ ಎಲ್ಲಕ್ಕಿಂತ ಸ್ಪಷ್ಟವಾಗಿ ಒರೆಗೆ ಬರುವುದು ಇಲ್ಲಿ. ಕಡಲು ಮುಟ್ಟಿದ ನೂರಾರು ಮಂದಿ ಅದೇ ಭಾನುವಾರ ಲಂಡನ್ನಿಗೆ ಮರಳಬೇಕು. ಹತ್ತಿರದ ರೈಲುನಿಲ್ದಾಣ ಡಾರ್ಶಮ್ ಎಂಬ ಚಿಕ್ಕ ಊರಿನದು. ಅಲ್ಲಿ ನಿಲ್ಲುವ ಗಾಡಿಗಳು ಚಿಕ್ಕವು, ಅವುಗಳಲ್ಲಿ ಸೈಕಲ್ಲಿಗೆ ಇರುವ ಸ್ಥಳ ಅತ್ಯಲ್ಪ. ಸೈಕಲ್ಲುಗಳನ್ನು ಲಾರಿಗೂ ಸವಾರರನ್ನು ಬಸ್ಸಿಗೂ ಹತ್ತಿಸಿ ಕಳುಹಿಸುವ ಏರ್ಪಾಡನ್ನು ಸೈಕಲ್ ಸಂಘದವರು ಮಾಡಿರುವುದುಂಟು. ಅದಕ್ಕೆ ಮುಂಚಿತವಾಗಿ ಹಣ ಕಟ್ಟಿ ಸ್ಥಳ ಕಾದಿರಿಸಬೇಕು. ‘ಯಾರೂ ನಡೆಸದ ಸವಾರಿ, ಅಲ್ಲಿ ಹೋದ ಮೇಲೆ ಹೇಗೋ ಆಗುತ್ತದೆ’ ಎಂದು ಬಂದವನು ನಿಲ್ದಾಣದ ಕಟ್ಟೆಯ ಮೇಲೆ ನಿಂತು, ಹೇಗೋ ಆಗಬೇಕಾದದ್ದನ್ನು ಗಾರ್ಡಿನ ತಲೆಗೆ ಕಟ್ಟುತ್ತಾನೆ. ಗಾರ್ಡಿಗೆ ಆ ಸವಾರಿಯ ಹೆಸರೂ ಗೊತ್ತಿರಬೇಕಾಗಿಲ್ಲ. ಆದರೂ ಸೋತು ಬಂದವರಲ್ಲಿ ಯಾರನ್ನು ಹತ್ತಿಸುವುದು, ಯಾರನ್ನು ಬಿಡುವುದು ಎಂಬ ಇಕ್ಕಟ್ಟು ಅವನದಾಗುತ್ತದೆ. ವಾರಗಳ ಹಿಂದೆಯೇ ಬಸ್ಸಿನಲ್ಲಿ ಸ್ಥಳ ಕಾದಿರಿಸಿದವನು, ಅಥವಾ ದೊಡ್ಡ ರೈಲುನಿಲ್ದಾಣವಿರುವ ಇಪ್ಸ್‌ವಿಚ್‌ವರೆಗೆ ಮತ್ತೆ ತುಳಿಯುವಷ್ಟು ಕಸುವನ್ನು ಕಾಲಿನಲ್ಲಿ ಉಳಿಸಿಕೊಂಡವನು, ತನ್ನ ಅನುಕೂಲವನ್ನು ಮಾತ್ರ ನೋಡಿಕೊಂಡವನಲ್ಲ. ಆ ಬೆಳಗಿನ ಗಾಡಿಯಲ್ಲಿ ಕೂಸನ್ನೆತ್ತಿಕೊಂಡು ಲಂಡನ್ನಿನ ತವರಿಗೆ ಹೊರಟ ಸಫೋಕಿನ ಹೆಂಗಸಿಗೆ ಬಾಗಿಲ ಬಳಿ ನಿಲ್ಲುವ ತೆರಪನ್ನೂ ಬಿಟ್ಟುಕೊಟ್ಟವನು.